ನಾಡಿ ಹಿಡಿದು ಕೇಳುವವನು

ಊರಿಗೆಲ್ಲ ಗೊತ್ತಿದ್ದ ಪುಕ್ಕಲ ಅವನು. ನಾಯಿ ಕಂಡರೆ ಹೆದರುತ್ತಿದ್ದ, ಗುಡುಗಿಗೆ ಹೆದರುತ್ತಿದ್ದ, ಏಣಿ ಹತ್ತು ಅಂದರೆ ಮಂಡಿ ಹಿಡಿದುಕೊಂಡು ಕೂತುಬಿಡುತ್ತಿದ್ದ. ಸೋದರತ್ತೆ ಮನೆಗೆ ಬರುತ್ತಾಳೆಂದು ತಿಳಿದರೆ ಹಿಂದಿನ ದಿನವೇ ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದ. ಇಂಥ ಪುಣ್ಯಾತ್ಮ ಯುದ್ಧಕ್ಕೆ ಹೋಗಿದ್ದ ಅಂದರೆ ನಗು ಬರುತ್ತದೆ, ಅಲ್ಲವೆ? ನಗಿ, ಪರವಾಗಿಲ್ಲ. ಆದರೆ ಹೋಗಿದ್ದು ಮಾತ್ರ ನಿಜ. ಅಲ್ಲಿ ಧೈರ್ಯ ಕಲಿತು ಬಂದ, ಎದೆಯುಬ್ಬಿಸಿಕೊಂಡು ಬಂದ ಎಂದೆಲ್ಲ ನಾನು ಹೇಳುತ್ತೇನೆಂದು ಕಾಯಬೇಡಿ. ಹೋಗುವಾಗ ಎಷ್ಟು ಹೆದರಿದ್ದನೋ, ಬರುವಾಗ ಅದರ ಎರಡರಷ್ಟು ಹೆದರಿಕೊಂಡೇ ಬಂದ.

ಅವನಿಗೆ ಹೆದರಿಕೆಯಾಗದಿದ್ದ ಜಾಗ ಜಗತ್ತಿನಲ್ಲಿ ಒಂದೇ ಒಂದಿತ್ತು, ಅದು ನೆಲದ ಕೆಳಗೆ. ಅವನು ಒಳಚರಂಡಿ ಅಗೆಯುವವನು. ಇಕ್ಕಟ್ಟಾದ ಹಳೇ ಬೀದಿಗಳನ್ನು ಮೇಲಿನಿಂದ ಅಗೆದರೆ ಮನೆಗಳ ಗೋಡೆಗಳು ಬಿರುಕು ಬಿಡುತ್ತವೆಂದು, ಬೀದಿಯ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಅಲ್ಲಿಂದ ಜೇಡಿಮಣ್ಣಿನಲ್ಲಿ ಅಡ್ಡಡ್ಡಲಾಗಿ ಕೊರೆದುಕೊಂಡು ಹೋಗಿ ಕೊಳವೆ ಕೂರಿಸುವ ಕೆಲಸ. ಅದಕ್ಕೊಂದು ಪದ್ಧತಿಯಿದೆ. ಓರೆಯಾಗಿ ನಿಲ್ಲಿಸಿದ ಹಲಗೆಗೆ ಬೆನ್ನು ಕೊಟ್ಟು ಮಲಗಬೇಕು. ಎರಡೂ ಪಾದಗಳಿಂದ ಸನಿಕೆಯನ್ನು ಮಣ್ಣಿಗೆ ಒತ್ತಬೇಕು. ಗುದ್ದುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಒತ್ತಬೇಕು ಅಷ್ಟೆ. ಬೆಣ್ಣೆ ಬಂದ ಹಾಗೆ ಮಣ್ಣಿನ ಹೆಂಟೆ ಕಿತ್ತು ಬರುತ್ತದೆ. ಮೇಲಿನ ಮನೆಯಲ್ಲಿ ಚಹಾ ಕುಡಿಯುತ್ತಿರುವವರ ಬಟ್ಟಲು ಕೂಡ ಅಲುಗುವುದಿಲ್ಲ.

ಅವನ ಜೊತೆ ಮಣ್ಣು ಚೀಲಕ್ಕೆ ತುಂಬುತ್ತಿದ್ದವನು ಅವನ ಭಾಮೈದ, ಹೆಂಡತಿಯ ತಮ್ಮ. ಬೀದಿಯವರೆಲ್ಲ ಅವನನ್ನು ತುತ್ತೂರಿ ಎನ್ನುತ್ತಿದ್ದರು. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಊಟ ಮಾಡುವಾಗ ಮಾತು, ನಿದ್ದೆಯಲ್ಲಿ ಮಾತು, ಮಾತಾಡಲು ಯಾರೂ ಸಿಗದಿದ್ದರೆ ಸನಿಕೆಯ ಜೊತೆಗಾದರೂ ಮಾತು. ತಾಯಿಯಿಲ್ಲದ ಅವನನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಹಾಗಾಗಿ ಅವಳಿಗೆ ಅವನು ತಮ್ಮನಿಗಿಂತ ಹೆಚ್ಚು, ಹಿರಿಮಗ ಇದ್ದ ಹಾಗೆ.

ಯುದ್ಧ ಶುರುವಾಗಿ ಎರಡೂ ಕಡೆಯ ಸೈನ್ಯ ಎದುರುಬದುರು ಕಂದಕ ತೋಡಿಕೊಂಡು ಕೂತವು. ಈಚೆಯವರು ತಲೆಯೆತ್ತಿದರೆ ಆಚೆಯವರ ಗುಂಡು, ಆಚೆಯವರು ಎತ್ತಿದರೆ ಈಚೆಯವರದು. ಮೇಲಿನಿಂದ ದಾರಿಯಿಲ್ಲ ಎಂದಾದ ಮೇಲೆ ಯಾರೋ ಬುದ್ಧಿವಂತರಿಗೆ ಕೆಳಗಿನ ದಾರಿ ನೆನಪಾಯಿತು. ಸುರಂಗ ತೋಡಿ, ಶತ್ರುವಿನ ಕಂದಕದ ಅಡಿಗೆ ಹೋಗಿ, ಸಿಡಿಮದ್ದು ತುಂಬಿ ಹಾರಿಸುವುದು. ಸದ್ದಿಲ್ಲದೆ ಅಗೆಯುವವರು ಬೇಕಾಗಿದ್ದಾರೆಂದು ಬೀದಿಬೀದಿಯಲ್ಲಿ ಬ್ಯಾಂಡು ಬಾರಿಸಿಕೊಂಡು ಬಂದರು. ತುತ್ತೂರಿ ಆ ಬ್ಯಾಂಡಿನ ಹಿಂದೆಯೇ ಹೋಗಿ ಹೆಸರು ಬರೆಸಿಬಿಟ್ಟ. ಮನೆಗೆ ಬಂದು ಏನೋ ಬಹುಮಾನ ಗೆದ್ದವನ ಹಾಗೆ ಹೇಳಿದ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಗಂಡನನ್ನು ಹಿತ್ತಲಿಗೆ ಕರೆದಳು.

"ರೀ, ನೀವೂ ಹೋಗಿ."

"ನಾನಾ?" ಅಂದ. "ನನ್ನ ಕೈಲಿ ಆಗುತ್ತೇನೇ? ನಾನು ಎಂಥವನು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಹೇಳ್ತಿರೋದು. ಅವನಿಗೆ ಹೆದರಿಕೆ ಅನ್ನೋದೇ ಗೊತ್ತಿಲ್ಲ. ಇಬ್ಬರಿಗೂ ಸೇರಿಸಿ ನೀವೇ ಹೆದರ್ಕೊಳ್ಳಿ. ಅವನನ್ನ ವಾಪಸ್ ಕರ್ಕೊಂಡು ಬನ್ನಿ, ನನಗೆ ಅಷ್ಟು ಸಾಕು."

ಎಂಥ ಹೆಂಗಸು ನೋಡಿ! ಆದರೆ ಅವಳ ಮಾತು ಮೀರುವ ಧೈರ್ಯವೂ ಆ ಪುಕ್ಕಲನಿಗೆ ಇರಬೇಕಲ್ಲ? ಮರುದಿನ ಹೋಗಿ ತಾನೂ ಹೆಸರು ಬರೆಸಿದ. ವಾಪಸ್ಸು ಬರುವಾಗ ದಾರಿಯಲ್ಲಿ ಅಡ್ಡ ಬಂದ ನಾಯಿಗೆ ಹೆದರಿ ಇನ್ನೊಂದು ಬೀದಿಯಲ್ಲಿ ಸುತ್ತಿಕೊಂಡು ಮನೆಗೆ ಬಂದ.

ಅಲ್ಲಿಗೆ ಹೋದ ಮೇಲೆ ತಿಳಿಯಿತು, ಈ ನೆಲ ಅವನ ಬೀದಿಯ ನೆಲವಲ್ಲ ಎಂದು. ಮಣ್ಣು ಅದೇ ಜೇಡಿಮಣ್ಣು. ಹಲಗೆ ಅದೇ, ಸನಿಕೆ ಅದೇ. ಆದರೆ ಮನೆಯ ಕೆಳಗೆ ಅಗೆಯುವಾಗ ಮಣ್ಣಿನ ಆಚೆ ಇರುವುದು ಬರೀ ಮಣ್ಣು. ಇಲ್ಲಿ ಮಣ್ಣಿನ ಆಚೆ ಇನ್ನೊಬ್ಬ ಅಗೆಯುತ್ತಿದ್ದ. ಶತ್ರುವೂ ಸುರಂಗ ತೋಡುತ್ತಿದ್ದನಲ್ಲ! ಯಾರು ಮೊದಲು ಯಾರ ಸದ್ದು ಕೇಳಿಸಿಕೊಳ್ಳುತ್ತಾರೋ ಅವರು ಮದ್ದಿಟ್ಟು ಇನ್ನೊಬ್ಬರನ್ನು ಅಲ್ಲೇ ಹೂತುಬಿಡುತ್ತಿದ್ದರು. ಸದ್ದು ಮಾಡಿದವನು ಸತ್ತ, ಲೆಕ್ಕ ಇಷ್ಟೇ. ಹಾಗಾಗಿ ಒಳಗೆ ಬೂಟು ಹಾಕುವಂತಿಲ್ಲ, ಕೆಮ್ಮುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಎಲ್ಲ ಕೈಸನ್ನೆಯಲ್ಲಿ. ಜಗತ್ತಿನಲ್ಲಿ ಅವನಿಗೆ ಹೆದರಿಕೆಯಿಲ್ಲದಿದ್ದ ಒಂದೇ ಒಂದು ಜಾಗವನ್ನೂ ಯುದ್ಧ ಕಿತ್ತುಕೊಂಡಿತು.

ಅವರ ತಂಡದ ಮೂರನೆಯವನು ಒಬ್ಬ ಬಡಗಿ. ದಪ್ಪ ಕುತ್ತಿಗೆಯ, ನಗುಮುಖದ ಆಸಾಮಿ. ಮಣ್ಣು ಕುಸಿಯದಂತೆ ಸುರಂಗದುದ್ದಕ್ಕೂ ಮರದ ಚೌಕಟ್ಟು ಕೂರಿಸುವುದು ಅವನ ಕೆಲಸ. ಮೊಳೆ ಹೊಡೆದರೆ ಸದ್ದಾಗುತ್ತದೆ, ಅದಕ್ಕೆ ಮರಗಳಿಗೆ ಒಂದಕ್ಕೊಂದು ಕೂರುವ ಹಾಗೆ ಮೇಲೆಯೇ ಕಚ್ಚು ಕೆತ್ತಿ ತಂದು ಒಳಗೆ ಕೈಯಿಂದ ಜೋಡಿಸುತ್ತಿದ್ದ. ಅಗೆಯುವವನ ಬೆನ್ನು ನೋಯುತ್ತದೆಂದು ಕಂಡು, ಅವನ ಬೆನ್ನಿನ ಅಳತೆ ತೆಗೆದುಕೊಂಡು, ಒರಗುವ ಹಲಗೆಯನ್ನು ಕೆತ್ತಿ ಕೊಟ್ಟ. "ನನ್ನ ಹೆಂಡತಿಗೂ ನಾನು ಇಷ್ಟು ಚೆಂದ ಮಾಡಿ ಕೊಟ್ಟಿಲ್ಲ, ಅವಳ ಕಿವಿಗೆ ಬಿದ್ದರೆ ನಾನು ಮನೆಗೆ ಹೋಗೋ ಹಾಗಿಲ್ಲ" ಎಂದು ನಕ್ಕ. ಆ ಹಲಗೆಗೆ ಒರಗಿದರೆ ಯಾರೋ ಹಿಂದಿನಿಂದ ಅಂಗೈ ಕೊಟ್ಟ ಹಾಗಿರುತ್ತಿತ್ತು.

ಸುರಂಗದಲ್ಲಿ ಆಗಾಗ ಕೆಲಸ ನಿಲ್ಲಿಸಿ, ಒಬ್ಬ ಮಾತ್ರ ಗೋಡೆಗೆ ಕಿವಿಯಿಟ್ಟು ಆಚೆಯ ಸದ್ದು ಕೇಳಬೇಕು. ಆ ಕೆಲಸಕ್ಕೆ ಕ್ಯಾಪ್ಟನ್ ಸಾಹೇಬರು ಜನ ಹುಡುಕುತ್ತಿದ್ದರು. ಮಿತಭಾಷಿ, ಒಳ್ಳೆಯ ಮನುಷ್ಯ. "ಇಲ್ಲಿ ಎಲ್ಲರಿಗಿಂತ ಹೆಚ್ಚು ಹೆದರೋನು ಯಾರು?" ಎಂದು ಕೇಳಿದರು. ಎಲ್ಲರ ಕೈಯೂ ನಮ್ಮವನ ಕಡೆ ತಿರುಗಿತು. ತುತ್ತೂರಿಯ ಕೈ ಎಲ್ಲರಿಗಿಂತ ಮೊದಲು. "ಸರಿ, ನೀನೇ ಕೇಳು. ಧೈರ್ಯದವರಿಗೆ ಬೇಜಾರಾಗಿ ತೂಕಡಿಸ್ತಾರೆ" ಅಂದರು ಸಾಹೇಬರು.

ಮೊದಲ ಸಲ ಅವನು ಒಬ್ಬನೇ ಸುರಂಗದ ತುದಿಗೆ ತೆವಳಿಕೊಂಡು ಹೋಗಿ ಮೇಣದಬತ್ತಿ ಆರಿಸಿ ತಣ್ಣನೆಯ ಮಣ್ಣಿಗೆ ಕಿವಿಯಿಟ್ಟ. ಮೊದಲು ಏನೂ ಇಲ್ಲ. ಆಮೇಲೆ, ಅಯ್ಯೋ ದೇವರೇ, ಧಬ್, ಧಬ್, ಧಬ್. ಗುದ್ದಲಿಯ ಸದ್ದು! ಹತ್ತಿರ ಬರುತ್ತಿದೆ! ಸದ್ದು ಇನ್ನೂ ಜೋರಾಯಿತು. ಅವನು ಹಿಂದುಹಿಂದಕ್ಕೆ ತೆವಳಿ ಬಂದು, ಸಿಕ್ಕವರನ್ನೆಲ್ಲ ಎಳೆದುಕೊಂಡು ಮೇಲೆ ಬಂದ. ಕ್ಯಾಪ್ಟನ್ ಸಾಹೇಬರು ತಾವೇ ಇಳಿದು ಹೋಗಿ ಬಹಳ ಹೊತ್ತು ಕೇಳಿ, ತಲೆ ಕೆರೆದುಕೊಂಡು ಹೊರಗೆ ಬಂದರು. ಆಚೆ ಪಿಸುಗುಟ್ಟುವ ಸದ್ದೂ ಇರಲಿಲ್ಲ. ಪುಕ್ಕಲ ಕೇಳಿಸಿಕೊಂಡಿದ್ದು ತನ್ನದೇ ಎದೆಬಡಿತವನ್ನು. ಹೆದರಿದಷ್ಟೂ ಬಡಿತ ಜೋರು, ಜೋರಾದಷ್ಟೂ ಶತ್ರು ಹತ್ತಿರ!

ತುತ್ತೂರಿ ಆ ಕಥೆಯನ್ನು ಇಡೀ ಕಂದಕಕ್ಕೆ ಅಭಿನಯಿಸಿ ತೋರಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಡಗಿ ಮಾತ್ರ ಅವನ ಪಕ್ಕ ಬಂದು ಕೂತು ಅವನ ಬಲಗೈಯ ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲಿಟ್ಟ.

"ನಾಡಿ ಹಿಡ್ಕೊಂಡು ಕೇಳು. ಸದ್ದು ಬೆರಳಿನ ಜೊತೆಜೊತೆಗೇ ಹೋದ್ರೆ ಅದು ನಿಂದು. ಬೇರೆ ಥರ ಹೋದ್ರೆ ಅವರದು. ಆಗ ಓಡಿ ಬಾ, ನಾನೂ ಓಡ್ತೀನಿ."

ಅಂದಿನಿಂದ ಅವನು ನಾಡಿ ಹಿಡಿದುಕೊಂಡೇ ಕೇಳಿದ. ಪುಕ್ಕಲ ಎಂಬ ಹೆಸರು ಹೋಗಿ ಪಂಡಿತ ಎಂಬ ಹೆಸರು ಬಂತು. ನಾಡಿ ನೋಡುವವನು ಪಂಡಿತನಲ್ಲದೆ ಇನ್ನೇನು? ಒಂದೆರಡು ಸಲ ನಿಜವಾಗಿಯೂ ಬೇರೆ ತಾಳದ ಸದ್ದು ಹಿಡಿದು ಹೇಳಿದ. ಅವನ ಮಾತಿನ ಮೇಲೆ ಮದ್ದು ಹಾರಿಸಿದರು. ಆಚೆ ಯಾರೋ ಅವನ ಹಾಗೇ ಹಲಗೆಗೆ ಬೆನ್ನು ಕೊಟ್ಟು ಮಲಗಿದ್ದವರು ಮಣ್ಣಾದರು. ಎಲ್ಲರೂ ಬೆನ್ನು ತಟ್ಟಿದರು. ಅವನು ಕಂದಕದ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಪಕ್ಕದ ತಂಡದ ಸುರಂಗ ಒಂದು ಬೆಳಗ್ಗೆ ಹಾರಿಹೋಯಿತು. ಆ ತಂಡದವನೊಬ್ಬ ಯಾವುದೋ ನಗೆಚಟಾಕಿ ನೆನಪಾಗಿ ಒಳಗೆ ನಕ್ಕುಬಿಟ್ಟಿದ್ದನಂತೆ, ಅಷ್ಟೇ. ಅವರನ್ನು ಅಗೆದು ತೆಗೆಯಲು ಹೋದ ಪಂಡಿತನಿಗೆ ಸಿಕ್ಕಿದ್ದು ಒಂದು ಟೋಪಿ ಮಾತ್ರ. ಹೊರಗೆ ಬಂದು ನೋಡುತ್ತಾನೆ, ತುತ್ತೂರಿ ಎಂದಿನಂತೆ ಯಾರಿಗೋ ಏನೋ ಹೇಳುತ್ತ ಕೈ ಬೀಸುತ್ತಿದ್ದಾನೆ. ಪಂಡಿತನಿಗೆ ಎಲ್ಲಿಂದ ಬಂತೋ ಸಿಟ್ಟು, ಅಳು, ನಡುಕ, ಎಲ್ಲ ಒಟ್ಟಿಗೇ. ಅವನ ಕತ್ತಿನಪಟ್ಟಿ ಹಿಡಿದು ಎಳೆದುಕೊಂಡು ಹೋಗಿ ಮಣ್ಣಿನ ಚೀಲಗಳ ಹಿಂದೆ ನಿಲ್ಲಿಸಿದ.

"ಆಣೆ ಮಾಡು. ನಿಮ್ಮಕ್ಕನ ಮೇಲೆ ಆಣೆ ಮಾಡು."

"ಏನ್ ಭಾವ ಇದು, ಏನಾಯ್ತು ನಿಮಗೆ?"

"ಒಳಗೆ ಏನೇ ಆಗ್ಲಿ, ಮೈಮೇಲೆ ಮಣ್ಣೇ ಬೀಳ್ಲಿ, ಉಸಿರೇ ಕಟ್ಲಿ, ಬಾಯಿ ಬಿಡಬಾರ್ದು. ಪಕ್ಕದಲ್ಲಿರೋನೂ ಬಾಯಿ ಬಿಡದ ಹಾಗೆ ನೋಡ್ಕೋಬೇಕು. ನಾನೇ ಬಂದು ಮಾತಾಡು ಅನ್ನೋ ತನಕ ಸದ್ದು ಅನ್ನೋದು ಬರಬಾರ್ದು. ಹೇಳು!"

ತುತ್ತೂರಿ ಮೊದಲು ನಗಲು ನೋಡಿದ. ಭಾವನ ತುಟಿ ಅದುರುವುದನ್ನು ಕಂಡು ನಗು ನಿಂತಿತು. "ಆಯ್ತು ಭಾವ. ಅಕ್ಕನಾಣೆ" ಅಂದ.

ಅದಾಗಿ ಕೆಲವು ದಿನಕ್ಕೆ ಅದು ನಡೆಯಿತು. ಅಂದು ತುದಿಯಲ್ಲಿ ಅಗೆಯುವ ಸರದಿ ತುತ್ತೂರಿಯದು, ಬಡಗಿ ಅವನ ಪಕ್ಕದಲ್ಲೇ ಚೌಕಟ್ಟು ಕೂರಿಸುತ್ತಿದ್ದ. ಪಂಡಿತ ಕ್ಯಾಪ್ಟನ್ ಸಾಹೇಬರ ಜೊತೆ ಸುರಂಗದ ಬಾಯಿಯ ಹತ್ತಿರ ಇದ್ದ. ಸದ್ದು ಅಂತ ಏನೂ ಕೇಳಲಿಲ್ಲ. ಕಾಲಡಿಯ ನೆಲ ಎತ್ತಿ ಒಗೆದ ಹಾಗಾಯಿತು, ಬೆಳಕೆಲ್ಲ ಆರಿತು, ಬಾಯಿ ಮೂಗಿಗೆಲ್ಲ ಮಣ್ಣು ತುಂಬಿತು. ಶತ್ರು ಮೊದಲು ಕೇಳಿಸಿಕೊಂಡಿದ್ದ.

ದೀಪ ಹಚ್ಚಿಕೊಂಡು ಒಳಗೆ ತೆವಳಿದರು. ಅರ್ಧ ದಾರಿಯಲ್ಲಿ ಸುರಂಗ ಮುಗಿದಿತ್ತು. ಮುಂದೆ ಬರೀ ಕುಸಿದ ಮಣ್ಣು, ಅದರಿಂದ ಹೊರಗೆ ಚಾಚಿದ ಮುರಿದ ಚೌಕಟ್ಟಿನ ಒಂದು ಮರ. ಅದರಾಚೆಗೆ ತುತ್ತೂರಿ ಮತ್ತು ಬಡಗಿ.

"ಕೇಳು" ಎಂದು ಕ್ಯಾಪ್ಟನ್ ಸಾಹೇಬರು ಸನ್ನೆ ಮಾಡಿದರು.

ಪಂಡಿತ ಮಣ್ಣಿಗೆ ಕಿವಿಯಿಟ್ಟ. ಮಣಿಕಟ್ಟು ಹಿಡಿದ. ಮೊದಲು ನಾಡಿ ಸಿಗಲೇ ಇಲ್ಲ. ಸಿಕ್ಕ ಮೇಲೆ ಅದು ಓಡುವ ವೇಗಕ್ಕೆ ಅವನಿಗೇ ಗಾಬರಿಯಾಯಿತು. ಉಸಿರು ಬಿಗಿಹಿಡಿದು ಕೇಳಿದ. ಧಬ್, ಧಬ್, ಧಬ್. ಬೆರಳಿನ ಜೊತೆಗೇ. ಇನ್ನೊಂದು ಕಡೆ ಕಿವಿಯಿಟ್ಟ. ಅಲ್ಲೂ ಬೆರಳಿನ ಜೊತೆಗೇ. ಒಂದು ಕೂಗಿಲ್ಲ, ನರಳಾಟವಿಲ್ಲ, ಉಗುರಿನಿಂದ ಕೆರೆದ ಸದ್ದೂ ಇಲ್ಲ.

"ಏನಾದ್ರೂ?" ಸಾಹೇಬರ ತುಟಿ ಮಾತ್ರ ಅಲುಗಿತು.

"ಇಲ್ಲ ಸಾರ್" ಎಂದು ಅವರ ಕಿವಿಯಲ್ಲಿ ಉಸುರಿದ. "ನನ್ನ ಎದೆ ಬಿಟ್ರೆ ಏನೂ ಇಲ್ಲ."

ಸಾಹೇಬರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಹಿಂದಿದ್ದವರಿಗೆ ಕೈಸನ್ನೆ ಮಾಡಿದರು. ಶತ್ರು ಇನ್ನು ಈ ಕುಸಿತದ ಕಡೆಯಿಂದಲೇ ನುಗ್ಗುತ್ತಾನೆ. ಅಷ್ಟರೊಳಗೆ ಇಲ್ಲಿ ಮದ್ದಿಟ್ಟು, ಮಣ್ಣಿನ ಚೀಲ ಒಟ್ಟಿ ಸುರಂಗ ಮುಚ್ಚಬೇಕು. ಸತ್ತವರಿಗಾಗಿ ಬದುಕಿರುವವರನ್ನು ಕಾಯಿಸುವ ಹಾಗಿರಲಿಲ್ಲ. ಅವರದು ತಪ್ಪೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಮದ್ದಿನ ಡಬ್ಬ ಬಂತು. ಚೀಲಗಳು ಕೈಯಿಂದ ಕೈಗೆ ಬರತೊಡಗಿದವು. ಪಂಡಿತನೂ ಸಾಲಿನಲ್ಲಿ ಕೂತು ಚೀಲ ತೆಗೆದುಕೊಂಡ, ಮುಂದಕ್ಕೆ ಕೊಟ್ಟ. ಅಳು ಬರಲಿಲ್ಲ. ಅವನ ತಲೆಯಲ್ಲಿದ್ದದ್ದು ಹಿತ್ತಲಲ್ಲಿ ನಿಂತ ಹೆಂಡತಿ ಒಬ್ಬಳೇ. ಅವಳ ಮುಂದೆ ಹೋಗಿ ನಿಲ್ಲಬೇಕಲ್ಲ! ಶತ್ರುವಿಗಿಂತ, ಮದ್ದಿಗಿಂತ, ಆ ಗಳಿಗೆಗೆ ಅವನು ಹೆದರಿದ. ಏನು ಹೇಳುವುದೆಂದು ಚೀಲ ದಾಟಿಸುತ್ತಲೇ ಮನಸ್ಸಿನಲ್ಲಿ ಹೊಂದಿಸಿಕೊಂಡ. ಒಂದೇ ಏಟಿಗೆ ಹೋದ ಕಣೇ, ನೋವೇ ಆಗಿಲ್ಲ, ಒಂದು ಮಾತೂ ಆಡಲಿಲ್ಲ. ಅವಳು ಏನನ್ನುತ್ತಾಳೆಂಬುದೂ ಕಿವಿಗೆ ಕೇಳಿಸಿದ ಹಾಗಾಯಿತು: ಮಾತಾಡ್ಲಿಲ್ವಾ? ಅವನಾ? ನಾನು ಸಾಕಿದ್ದು ರೀ ಅವನನ್ನ. ಯಾರಾದ್ರೂ ಬಾಯಿ ಕಟ್ಟಿ ಕೂರಿಸಿದ್ರೆ ತಾನೇ ಅವನು ಸುಮ್ನೆ ಇರೋದು?

ಚೀಲ ಅವನ ಕೈಯಿಂದ ಜಾರಿ ಬಿತ್ತು. ಬಾಯಿ ಕಟ್ಟಿ ಕೂರಿಸಿದ್ದು ತಾನೇ ಅಲ್ಲವೆ? ಬದುಕಿದ್ದರೂ ಅವನು ಸದ್ದು ಮಾಡುವುದಿಲ್ಲ. ಮಾಡಬೇಡವೆಂದು ಆಣೆ ಹಾಕಿಸಿದ್ದು ತಾನು. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ತುತ್ತೂರಿ ಇದೊಂದು ಮಾತು ಕೇಳಿಕೊಂಡು, ಮಣ್ಣಿನ ಆಚೆ ತುಟಿ ಕಚ್ಚಿಕೊಂಡು ಕೂತಿದ್ದರೆ?

ಒಳಗೆ ಯಾರೂ ಎಂದೂ ಮಾಡದ ಕೆಲಸವನ್ನು ಆ ಮಹಾ ಪುಕ್ಕಲ ಆಗ ಮಾಡಿದ. ಚೀಲಗಳ ಮೇಲೆ ಹತ್ತಿ, ಕುಸಿದ ಮಣ್ಣಿಗೆ ಬಾಯಿಯಿಟ್ಟು, ಗಂಟಲು ಹರಿಯುವ ಹಾಗೆ ಕಿರುಚಿದ.

"ತುತ್ತೂರೀ! ಲೋ ತುತ್ತೂರೀ!"

ಸುರಂಗದಲ್ಲಿದ್ದವರ ಜೀವ ಬಾಯಿಗೆ ಬಂತು. ಒಬ್ಬ ಅವನ ಕಾಲು ಹಿಡಿದೆಳೆದ. ಕ್ಯಾಪ್ಟನ್ ಸಾಹೇಬರು ಮೈಮೇಲೆ ಬಿದ್ದು ಅವನ ಬಾಯಿ ಅದುಮಿ ಹಿಡಿದರು. ಅವನು ಆ ಕೈಯನ್ನು ಕಚ್ಚಿದ. ಸಾಹೇಬರ ಕೈಯನ್ನು! ರಕ್ತ ಬರುವ ಹಾಗೆ ಕಚ್ಚಿ ಬಾಯಿ ಬಿಡಿಸಿಕೊಂಡು ಮತ್ತೆ ಕೂಗಿದ.

"ನಾನು ಕಣೋ, ಭಾವ! ಆಣೆ ವಾಪಸ್ ತಗೊಂಡೆ ಕಣೋ! ಮಾತಾಡೋ! ನಾನೇ ಹೇಳ್ತಿದ್ದೀನಿ, ಮಾತಾಡು!"

ಎಲ್ಲರೂ ಹಾಗೆಯೇ ನಿಂತರು. ಮಣ್ಣಿನ ಆಚೆಯಿಂದ, ತೀರಾ ಹತ್ತಿರದಿಂದ, ಪಕ್ಕದ ಕೋಣೆಯಿಂದ ಬಂದ ಹಾಗೆ ಒಂದು ಸಣ್ಣ ದನಿ ಬಂತು.

"ಭಾವ... ಈಗ ಮಾತಾಡಬಹುದಾ?"

ಕ್ಯಾಪ್ಟನ್ ಸಾಹೇಬರು ರಕ್ತ ಸೋರುವ ಕೈಯಲ್ಲೇ ಗುದ್ದಲಿ ಎತ್ತಿಕೊಂಡರು. "ಅಗೀರಿ! ಇನ್ನೇನು ಸದ್ದು ಗಿದ್ದು, ಅಗೀರಿ!"

ಗುದ್ದಲಿ, ಸನಿಕೆ, ಕೈ, ಉಗುರು, ಯಾವುದು ಸಿಕ್ಕಿತೋ ಅದರಲ್ಲಿ ಅಗೆದರು. ಅಷ್ಟು ದಿನ ಪಾಪದ ಹಾಗೆ ಬಚ್ಚಿಟ್ಟಿದ್ದ ಸದ್ದನ್ನೆಲ್ಲ ಒಮ್ಮೆಗೇ ಮಾಡಿದರು. ಆಚೆಯವರಿಗೆ ಕೇಳಿಸುತ್ತಿದೆ, ಮದ್ದು ತುಂಬುತ್ತಿದ್ದಾರೆ, ಬತ್ತಿ ಹಚ್ಚುತ್ತಿದ್ದಾರೆ, ಈಗ ಹಾರಿತು, ಈಗ ಹಾರಿತು ಎಂದು ಪ್ರತಿ ಏಟಿಗೂ ಪಂಡಿತನಿಗೆ ಅನಿಸುತ್ತಿತ್ತು. ಅಗೆಯುತ್ತಲೇ ಅವನು ಮಕ್ಕಳ ಹಾಗೆ ಅಳುತ್ತಿದ್ದ. ಕೈ ಮಾತ್ರ ನಿಲ್ಲಲಿಲ್ಲ.

ಮೊದಲು ತುತ್ತೂರಿಯ ಕಾಲು ಸಿಕ್ಕಿತು. ಎಳೆದರು. ಕಣ್ಣಿಗೆ ಮಣ್ಣು ಮೆತ್ತಿಕೊಂಡಿತ್ತು, ಮೈಯೆಲ್ಲ ತರಚಿತ್ತು, ಜೀವ ಇತ್ತು. ಅವನ ಪಕ್ಕದಲ್ಲೇ ಬಡಗಿ, ಎದೆಯ ಮೇಲೆ ಅಡ್ಡಲಾಗಿ ತಾನೇ ಕಚ್ಚು ಕೆತ್ತಿದ್ದ ಮರ. ಮರ ಸರಿಸಿ ಅವನನ್ನೂ ಎಳೆದರು. ಮೈ ಬೆಚ್ಚಗಿತ್ತು. ಪಂಡಿತ ಅವನ ಮಣಿಕಟ್ಟು ಹಿಡಿದ.

"ಇದೆ! ನಾಡಿ ಇದೆ! ಬದುಕಿದಾನೆ!" ಎಂದು ಕೂಗಿದ.

ಅವನನ್ನು ಎಳೆದುಕೊಂಡು ಎಲ್ಲರೂ ಹೊರಗೆ ತೆವಳಿದರು. ಅವರು ಮೇಲೆ ಬಂದು ಸ್ವಲ್ಪ ಹೊತ್ತಿಗೇ ಹಿಂದೆ ಸುರಂಗ ಗುಡುಗಿ ಕುಸಿಯಿತು. ಆಚೆಯವರು ಕೇಳಿಸಿಕೊಂಡೇ ಇದ್ದರು. ಕಂದಕದಲ್ಲಿ ಬಡಗಿಯನ್ನು ಮಲಗಿಸಿ ಪಂಡಿತ ಮತ್ತೆ ನಾಡಿ ನೋಡಿದ. ಇತ್ತು. ಅನುಮಾನ ಬಂದು ಇನ್ನೊಂದು ಕೈಯಿಂದ ತನ್ನ ನಾಡಿಯನ್ನೂ ಹಿಡಿದು ನೋಡಿದ. ಎರಡೂ ಜೊತೆಜೊತೆಗೇ ಹೋಗುತ್ತಿದ್ದವು. ಅದು ತನ್ನದೇ ಬೆರಳ ತುದಿಯ ಬಡಿತ. ಬಡಗಿಯ ಕೈಯಲ್ಲಿ ಏನೂ ಇರಲಿಲ್ಲ.

ಯಾರೋ ಬಡಗಿಯ ಮುಖದ ಮೇಲೆ ಬಟ್ಟೆ ಎಳೆದರು. ತುತ್ತೂರಿ ಕಂದಕದ ಗೋಡೆಗೆ ಒರಗಿ ಕೂತಿದ್ದ. ಕೊಟ್ಟ ನೀರನ್ನು ಕುಡಿಯದೆ ತನ್ನ ಬಲ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಪಂಡಿತ ಹೋಗಿ ಪಕ್ಕದಲ್ಲಿ ಕೂತ.

"ಭಾವ, ಅವನು ಕೂಗೋಕೆ ನೋಡಿದ."

"ಯಾರೋ?"

"ಬಡಗಿ. ಮರ ಬಿದ್ದಿತ್ತಲ್ಲ, ನೋವಿಗೆ ಕೂಗೋಕೆ ಹೋದ. ನಾನು ಬಾಯಿ ಮುಚ್ಚಿದೆ. ಪಕ್ಕದೋನೂ ಬಾಯಿ ಬಿಡಬಾರ್ದು ಅಂದಿದ್ರಲ್ಲ ನೀವು. ಗಟ್ಟಿಯಾಗಿ ಮುಚ್ಚಿದ್ದೆ ಭಾವ. ಕತ್ತಲು, ಮೂಗು ಎಲ್ಲಿ ಬಾಯಿ ಎಲ್ಲಿ ಗೊತ್ತಾಗ್ಲಿಲ್ಲ. ಆಮೇಲೆ ಅವನು ಸುಮ್ಮನಾದ. ನಾನೇ..."

ಮಣ್ಣಿನೊಳಗಿಂದ ಎಳೆದು ತಂದಿದ್ದ ಜೀವ ಕಣ್ಣೆದುರಲ್ಲೇ ಮತ್ತೆ ಕುಸಿಯುತ್ತಿತ್ತು. ಇಡೀ ಜನ್ಮದಲ್ಲಿ ಅಷ್ಟು ಬೇಗ ಅವನಿಗೆ ಯಾವ ಮಾತೂ ಹೊಳೆದಿರಲಿಲ್ಲ.

"ಹುಚ್ಚನ ಥರ ಮಾತಾಡ್ಬೇಡ. ಡಾಕ್ಟರು ಈಗ ನೋಡಿದ್ರು. ಎದೆಗೂಡು ಪೂರ್ತಿ ನಜ್ಜಾಗಿತ್ತಂತೆ. ಮರ ಬಿದ್ದ ಗಳಿಗೇನೇ ಹೋಗಿದಾನೆ ಅಂದ್ರು."

"ಇಲ್ಲ ಭಾವ, ಉಸಿರಾಡ್ತಿದ್ದ. ನನ್ನ ಅಂಗೈಗೆ ಬಿಸಿ ತಾಗ್ತಿತ್ತು."

"ಅದು ನಿಂದೇ ಕೈ ಬಿಸಿ ಕಣೋ. ನಾನು ನೋಡು, ನಾಡಿ ಇದೆ, ಬದುಕಿದಾನೆ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗ್ಲಿಲ್ವಾ? ಅದು ಯಾರದ್ದಾಗಿತ್ತು? ನಂದೇ. ಹೆದರಿದಾಗ ನಮ್ಮದೇ ಅವರದು ಅನಿಸುತ್ತೆ. ನಿನಗೂ ಹಾಗೇ ಆಗಿದೆ."

ತುತ್ತೂರಿ ತಲೆಯೆತ್ತಿ ಅವನ ಮುಖ ನೋಡಿದ. "ಡಾಕ್ಟರು ಹಾಗಂದ್ರಾ?"

"ಅಂದ್ರು. ನನ್ನೆದುರಿಗೇ ಅಂದ್ರು."

ಡಾಕ್ಟರು ಅತ್ತ ಸುಳಿದೂ ಇರಲಿಲ್ಲ. ಅವರಿಗೆ ಬದುಕಿರುವವರನ್ನು ನೋಡುವುದಕ್ಕೇ ಪುರುಸೊತ್ತಿರಲಿಲ್ಲ. ಬಡಗಿಯನ್ನು ಹಾಗೆಯೇ ಹೂಳಿದರು. ಮರ ಕೊಂದಿತೋ, ಕೈ ಕೊಂದಿತೋ, ಆ ಆಣೆ ಕೊಂದಿತೋ, ಯಾರಿಗೂ ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಕ್ಯಾಪ್ಟನ್ ಸಾಹೇಬರು ಕೈಗೆ ಪಟ್ಟಿ ಕಟ್ಟಿಕೊಂಡು, ಇಲಿ ಕಚ್ಚಿತು ಎಂದು ಎಲ್ಲರಿಗೂ ಹೇಳಿದರು.

ಯುದ್ಧ ಮುಗಿಯಿತು. ಹೆಂಡತಿ ಹೇಳಿದ್ದ ಹಾಗೆ ಪಂಡಿತ ಅವಳ ಮುಂದೆ ತಮ್ಮನನ್ನು ತಂದು ನಿಲ್ಲಿಸಿದ. ಅವಳು ಇಬ್ಬರ ಮುಖವನ್ನೂ ಸರದಿಯಲ್ಲಿ ಹಿಡಿದು ನೋಡಿದಳು, ಏನೂ ಕೇಳಲಿಲ್ಲ. ಪಂಡಿತ ತನ್ನ ಹಳೇ ಕೆಲಸಕ್ಕೇ ಹೋದ. ಬೇರೆ ಕೆಲಸ ಗೊತ್ತಿದ್ದರೆ ತಾನೇ! ಆದರೆ ಈಗ ನೆಲದ ಕೆಳಗೂ ಹೆದರಿಕೆ. ಒಳಗೆ ಇದ್ದಷ್ಟು ಹೊತ್ತೂ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದ, ಅದೂ ಅಪಸ್ವರದಲ್ಲಿ. ಮೇಲಿನ ಮನೆಯವರು ಬೈದರೂ ಬಿಡಲಿಲ್ಲ. ಮನೆಯಲ್ಲಿ ಎಲ್ಲರೂ ಸುಮ್ಮನಾದರೆ ಚಡಪಡಿಸುತ್ತಿದ್ದ. ಮಧ್ಯಾಹ್ನ ಮಲಗಿದ ಹೆಂಡತಿಗೆ ಎಚ್ಚರವಾದಾಗ ಅವಳ ಮಣಿಕಟ್ಟಿನ ಮೇಲೆ ಇವನ ಬೆರಳಿರುತ್ತಿತ್ತು. "ಇನ್ನೂ ಇದೀನಿ, ಬಿಡಿ ಕೈಯ" ಎಂದು ಮಗ್ಗುಲು ಬದಲಿಸುತ್ತಿದ್ದಳು.

ತುತ್ತೂರಿ ಸೈಕಲ್ ರಿಪೇರಿ ಅಂಗಡಿ ಇಟ್ಟ, ಮದುವೆಯಾದ, ಮಕ್ಕಳಾದವು. ಮಾತು ವಾಪಸ್ಸು ಬಂತು. ಪಂಕ್ಚರ್ ಹಾಕುವಷ್ಟು ಹೊತ್ತಿನಲ್ಲಿ ಗಿರಾಕಿಯ ಮೂರು ತಲೆಮಾರಿನ ವಿಚಾರ ತಿಳಿದುಕೊಳ್ಳುತ್ತಿದ್ದ. ನೋಡಿದವರು ಎಲ್ಲ ಸರಿಹೋಯಿತೆಂದೇ ತಿಳಿದರು. ಆದರೆ ಆಗೊಮ್ಮೆ ಈಗೊಮ್ಮೆ ಅಂಗಡಿ ಮಧ್ಯದಲ್ಲೇ ಮುಚ್ಚಿ ಅಕ್ಕನ ಮನೆಗೆ ಬರುತ್ತಿದ್ದ. ಹೊಸ್ತಿಲ ಮೇಲೆ ಕೂತು, ಎಣ್ಣೆ ಮೆತ್ತಿದ ಬಲಗೈಯನ್ನು ಮಗುಚಿ ಹಾಕಿ ನೋಡಿಕೊಂಡು, ತಗ್ಗಿದ ದನಿಯಲ್ಲಿ ಕೇಳುತ್ತಿದ್ದ.

"ಭಾವ, ಆವತ್ತು ಡಾಕ್ಟರು ಏನಂದ್ರು?"

ಪಂಡಿತ ಕೈಯಲ್ಲಿದ್ದ ಕೆಲಸ ಬಿಟ್ಟು, ಒಂದಕ್ಷರ ಬಿಡದೆ, ಮೊದಲ ಸಲ ಹೇಳುವ ಹಾಗೆ ಹೇಳುತ್ತಿದ್ದ. ಎದೆಗೂಡು ನಜ್ಜಾಗಿತ್ತು ಅಂದ್ರು. ಮರ ಬಿದ್ದ ಗಳಿಗೇನೇ ಹೋಗಿದಾನೆ ಅಂದ್ರು. ಕೇಳಿ ತುತ್ತೂರಿ ಒಂದು ಉಸಿರು ಬಿಟ್ಟು ಎದ್ದು ಹೋಗುತ್ತಿದ್ದ. ಬೀದಿಯ ತಿರುವು ದಾಟುವಷ್ಟರಲ್ಲಿ ಮತ್ತೆ ಅವನ ಮಾತು ಯಾರ ಜೊತೆಗೋ ಶುರುವಾಗಿರುತ್ತಿತ್ತು. ಪಂಡಿತ ಮಾತ್ರ ಎಷ್ಟೋ ಹೊತ್ತು ನಡುಗುತ್ತ ಕೂತಿರುತ್ತಿದ್ದ. ಎಲ್ಲಿ ಒಂದು ಮಾತು ಹೆಚ್ಚುಕಡಿಮೆಯಾಯಿತೋ, ಎಲ್ಲಿ ಅವನಿಗೆ ಅನುಮಾನ ಬಂತೋ ಎಂದು.

ಹೀಗೇ ಇಬ್ಬರಿಗೂ ತಲೆ ನರೆಯಿತು. ಪಂಡಿತನ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಈಗ ಅವನು ನಾಡಿ ಹಿಡಿದುಕೊಂಡರೆ ಅದು ನಡುನಡುವೆ ತಪ್ಪುತ್ತಿತ್ತು. ಸಾವಿಗೆ ಹೆದರಿದನೆ ಅಂದರೆ, ಹೆದರಿದ. ಅವನು ಹೆದರದಿದ್ದದ್ದು ಯಾವುದಕ್ಕೆ? ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ತಾನು ಹೋದ ಮೇಲೆ ಒಂದು ದಿನ ಅವನು ಬಂದು ಹೊಸ್ತಿಲ ಮೇಲೆ ಕೂತು ಕೇಳಿದರೆ ಹೇಳುವವರು ಯಾರು?

ಒಂದು ಮಧ್ಯಾಹ್ನ ಹೆಂಡತಿ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದಳು. ಅವನು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ.

"ನೋಡೇ, ನಿನಗೊಂದು ಮಾತು ಹೇಳ್ಕೊಡ್ಬೇಕು. ಬಾಯಿಪಾಠ ಮಾಡ್ಕೋ. ನಾನು ಇಲ್ಲದಿದ್ದಾಗ ನಿನ್ನ ತಮ್ಮ ಬಂದು ಡಾಕ್ಟರು ಏನಂದ್ರು ಅಂತ ಕೇಳ್ತಾನೆ. ಆಗ ನೀನು..."

"ಎದೆಗೂಡು ನಜ್ಜಾಗಿತ್ತು. ಮರ ಬಿದ್ದ ಗಳಿಗೇನೇ ಹೋದ" ಅಂದಳು ಅವಳು, ಕಾಯಿಯಿಂದ ಕಣ್ಣು ಎತ್ತದೆ.

"ಹೊಸ್ತಿಲಲ್ಲಿ ಕೂತು ಹೇಳೋದನ್ನ ಕೇಳಿಸ್ಕೊಂಡಿದೀಯಾ?"

"ಅದಕ್ಕೂ ಮುಂಚೆ. ನೀವಿಬ್ರೂ ಬಂದ ವರ್ಷಾನೇ ಅವನು ನನ್ನ ಕೇಳ್ದ. ಅಕ್ಕ, ಡಾಕ್ಟರು ಎದೆ ನಜ್ಜಾಗಿತ್ತು ಅಂದ್ರಂತೆ, ನಿಜಾನಾ, ಭಾವ ನಿನ್ನ ಹತ್ರಾನೂ ಹೇಳಿದಾರಾ ಅಂತ. ಹೌದು ಕಣೋ, ಬಂದ ದಿನಾನೇ ಹೇಳಿದ್ರು ಅಂದೆ."

"ನಾನು ನಿನಗೆ ಏನೂ ಹೇಳಿರಲಿಲ್ವಲ್ಲೇ!"

"ಇಲ್ಲ. ಯಾರ ಎದೆ, ಯಾವ ಮರ, ನನಗೇನು ಗೊತ್ತು? ಅವನ ಮುಖ ನೋಡ್ದೆ. ಇಲ್ಲ ಅಂತ ಹೇಳೋ ಹಾಗಿರಲಿಲ್ಲ ಆ ಮುಖ."

ಇಷ್ಟು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದು ತಿಳಿದಿದ್ದ ಚೀಲವನ್ನು, ಸಾಲಿನಲ್ಲಿ ಕೂತು ಇವಳೂ ಹಿಡಿದಿದ್ದಳು. "ಹಾಗಾದ್ರೆ ಕೇಳು, ಆವತ್ತು ನಿಜವಾಗಿ ಏನಾಯ್ತು ಅಂದ್ರೆ..." ಎಂದು ಶುರುಮಾಡಿದ.

ಅವಳು ಒದ್ದೆ ಕೈಯನ್ನು ಅವನ ಬಾಯಿಯ ಮೇಲಿಟ್ಟಳು. ಮೆಲ್ಲಗೆ, ಉಸಿರಾಡುವಷ್ಟು ಜಾಗ ಬಿಟ್ಟು.

"ಬೇಡ ರೀ. ಅವನು ಮುಂದೆ ನನ್ನನ್ನೇ ಕೇಳ್ತಾನೆ. ನನಗೆ ಗೊತ್ತಿಲ್ಲದಿದ್ರೇನೇ ಒಳ್ಳೇದು. ತಡವರಿಸದೆ ಹೇಳ್ಬಹುದು."

ಹೊರಗೆ ಬೀದಿಯಲ್ಲಿ ಸೈಕಲ್ ಗಂಟೆ ಕೇಳಿಸಿತು, ಅದಕ್ಕಿಂತ ಮೊದಲೇ ಮಾತು ಕೇಳಿಸಿತ್ತು. ತುತ್ತೂರಿ ಯಾರಿಗೋ ಚಕ್ರಕ್ಕೆ ಗಾಳಿ ಎಷ್ಟಿರಬೇಕೆಂದು ಉಪದೇಶ ಮಾಡುತ್ತ ಬರುತ್ತಿದ್ದ. ಅವಳು ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಚಹಾಕ್ಕೆ ನೀರಿಡಲು ಎದ್ದಳು. ಪಂಡಿತ ಗೋಡೆಗೆ ಒರಗಿ, ಆ ಮಾತು ಹತ್ತಿರ ಹತ್ತಿರ ಬರುವುದನ್ನು ಕೇಳುತ್ತ ಕೂತ.